ಎರಡು ಒಲೆಯ ಇದ್ದಿಲು

ಸರ್ವೇಯರ್ ಊರೊಳಗೆ ಕಾಲಿಟ್ಟಾಗ ಇಬ್ಬರಲ್ಲಿ ಒಬ್ಬನಿಗೆ ಶತ್ರು, ಕೆಲಸ ಮುಗಿಸಿ ಹೊರಟಾಗ ಇಬ್ಬರಿಗೂ ಶತ್ರು. ತರಬೇತಿಯಲ್ಲಿ ಈ ಮಾತನ್ನು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ನಾನೇ ಮೊದಲಿಗೆ ಹೇಳಿಬಿಡುತ್ತೇನೆ. ಭೂಮಿ ಅಳೆದು ಹೊಟ್ಟೆ ಹೊರೆದುಕೊಂಡ ನನಗೆ ಹಳ್ಳಿಹಳ್ಳಿಗಳಲ್ಲಿ ಬಿದ್ದ ಬೈಗುಳಗಳನ್ನೆಲ್ಲ ಬರೆದರೆ ಕಾಗದವೇ ನಾಚೀತು.

ನಾರಾಯಣಗೂಡದ ನಮ್ಮ ಗಲ್ಲಿಯ ಹುಡುಗಿ ಸವಿತಾಳಿಗೆ ಹೋದ ವರ್ಷ ಅದೇ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಬೀದರ ಕಡೆಯ ಮನೆತನದವಳು. ಕೆಲಸಕ್ಕೆ ಸೇರುವ ಮೊದಲು ಜೊತೆಯ ಗೆಳತಿಯರನ್ನು ಕರೆದುಕೊಂಡು ಒಂದು ಸಂಜೆ ಮನೆಗೆ ಬಂದಳು.

"ಅಜ್ಜಾರ, ನೀವು ಕಬ್ಬಿಣದ ಸರಪಳಿ ಎಳದು ಹೊಲ ಅಳೀತಿದ್ರಂತಲ್ಲ, ಖರೇ ಏನ್ರೀ? ನಮಗ ಈಗ ಸ್ಯಾಟಲೈಟೇ ಹೇಳ್ತೈತಿ."

"ಹೊಲ ಎಲ್ಲೈತಿ ಅಂತ ಹೇಳ್ತೈತವ್ವ. ಮಗ್ಗಲ ಹೊಲದಾವನ ಹೊಟ್ಟಿಯೊಳಗ ಏನೈತಿ ಅಂತ ಹೇಳ್ತೈತೇನು?" ಎಂದೆ.

ಹುಡುಗಿಯರು ನಕ್ಕರು. ಸವಿತಾ ಮಾತ್ರ, "ಹಂಗಾದ್ರ ಅದನ್ನೇ ಬರದುಕೊಡ್ರಿ" ಎಂದು ಗಂಟುಬಿದ್ದಳು. ಅವತ್ತು ಬಾಯಿಮಾತಲ್ಲೇ ಕತೆ ಹೇಳಿ ಜಾರಿಕೊಂಡಿದ್ದೆ, ಆ ಹಟಕ್ಕೆ ಸೋತು ಈಗ ಬರೆಯಲು ಕೂತಿದ್ದೇನೆ. ನಾನು ಯಾವಾಗ ಇನ್‌ಸ್ಪೆಕ್ಟರ್ ಆದೆ, ಯಾವಾಗ ಸಂಬಳ ಏರಿತು ಎಂಬುದು ನನ್ನ ಹೆಂಡತಿಗೆ ನೆನಪಿರಬಹುದು. ನನಗೆ ನೆನಪಿರುವುದು ಕಲ್ಲುಗಳು, ಜಗಳಗಳು ಮತ್ತು ಒಬ್ಬ ಮೇಡಂ.

ನಮ್ಮಪ್ಪ ಗುರುಮಠಕಲ್ ಕಡೆಯಿಂದ ಬಂದು ಕೋಠಿಯ ಬಟ್ಟೆ ಅಂಗಡಿಯೊಂದರಲ್ಲಿ ಗಜಕೋಲು ಹಿಡಿದು ಬಾಳು ಸವೆಸಿದವರು. ನನಗೆ ಸರ್ವೇ ಕೆಲಸ ಸಿಕ್ಕಿದ ದಿನ ಅವರು ಪೇಡೆ ಹಂಚಿ, ಎಲ್ಲರೂ ಹೋದ ಮೇಲೆ ಒಂದು ಬುದ್ಧಿಮಾತು ಹೇಳಿದರು: "ಶರಣಪ್ಪ, ಬಟ್ಟಿ ಅಳಿಯೋವಾಗ ನಾಕ ಬಟ್ಟು ಹೆಚ್ಚ ಬಿಟ್ರ ಗಿರಾಕಿ ಮತ್ತ ಬರ್ತಾನ. ಭೂಮಿ ಅಳಿಯೋವಾಗ ನಾಕ ಬಟ್ಟು ಹೆಚ್ಚ ಬಿಟ್ರ ಬಡಿಗಿ ತಗೊಂಡ ಬರ್ತಾನ." ಅಪ್ಪನ ಮಾತು ಎಷ್ಟು ನಿಜವೆಂದು ತಿಳಿಯಲು ನನಗೆ ಒಂದು ಮಳೆಗಾಲವೂ ಬೇಕಾಗಲಿಲ್ಲ.

ಸರಪಳಿಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸವಿತಾ ಬಿಡುವುದಿಲ್ಲ. ಬೇಸಿಗೆಯಲ್ಲಿ ಅದು ಕಾದ ಹಂಚು. ಜಾಲಿಗಿಡಗಳ ನಡುವೆ ಎಳೆದುಕೊಂಡು ಹೋಗುವಾಗ ಸಿಕ್ಕಿಹಾಕಿಕೊಂಡು, ಬಿಡಿಸಲು ಬಗ್ಗಿದವನ ಅಂಗಿ ಹರಿಯುತ್ತಿತ್ತು. ಸಂಜೆ ಊಟಕ್ಕೆ ಕೂತರೆ ಅಂಗೈಯ ಬೊಬ್ಬೆಗೆ ಸಾರು ತಾಗಿ ಕಣ್ಣಲ್ಲಿ ನೀರು. ಇಷ್ಟೆಲ್ಲ ಆದ ಮೇಲೂ ಮರುದಿನ ಒಬ್ಬ ಮುದುಕ ಬಂದು, "ಸಾಬ್, ಸರಪಳಿ ಸ್ವಲ್ಪ ಸಡಿಲ ಬಿಟ್ಟಂಗಿತ್ತಲ್ರಿ" ಎನ್ನುತ್ತಿದ್ದ.

ನನ್ನ ಮೊದಲ ಮೇಲಧಿಕಾರಿಯನ್ನು ನಾವು ಹಿಂದಿನಿಂದ ಹುಣಸೆಮರದ ಸಾಹೇಬರು ಎಂದು ಕರೆಯುತ್ತಿದ್ದೆವು. ಯಾವ ಊರಿಗೆ ಹೋದರೂ ಅವರು ಮೊದಲು ಹುಡುಕುತ್ತಿದ್ದುದು ದಟ್ಟ ನೆರಳಿನ ಹುಣಸೆಮರವನ್ನು. ಅದರ ಕೆಳಗೆ ಹಗ್ಗದ ಮಂಚ ಹಾಕಿಸಿ ಕೂತರೆಂದರೆ ಸರ್ವೇ ಶುರುವಾದಂತೆ. ನಾವು ಬಿಸಿಲಲ್ಲಿ ಅಳೆದು ಬಂದು ಹೇಳಿದ್ದನ್ನು ಅವರು ನಕ್ಷೆಗೆ ಇಳಿಸುತ್ತಿದ್ದರು. ಅವರ ಗೆರೆ ಎಷ್ಟು ಅಂದವೆಂದರೆ ಈಗಲೂ ಅಂಥ ಕೈ ನಾನು ನೋಡಿಲ್ಲ. ಆದರೆ ಗೆರೆಯ ಮೇಲೆ ಬಾವಿ ಇದೆಯೋ ಬಂಡೆ ಇದೆಯೋ ಎಂದು ಅವರು ಕೇಳುತ್ತಿರಲಿಲ್ಲ.

ಅವರ ಕೈಕೆಳಗಿದ್ದಾಗಲೇ ನಾನೊಂದು ದೇವರನ್ನು ಸೃಷ್ಟಿಸಿದೆ. ಗಡಿಗೆ ನೆಡುವ ಕಲ್ಲಿಗೆ ನಮ್ಮಲ್ಲಿ ಬಾಂದುಕಲ್ಲು ಎನ್ನುತ್ತಾರೆ. ಅಣ್ಣತಮ್ಮಂದಿರಿಬ್ಬರ ಹೊಲದ ನಡುವೆ ಕಲ್ಲು ನೆಡಬೇಕಿದ್ದ ಜಾಗದಲ್ಲಿ ಗಟ್ಟಿ ಹುತ್ತವಿತ್ತು. ಹೊತ್ತು ಮುಳುಗುತ್ತಿತ್ತು, ನಾಳೆ ಸರಿಪಡಿಸಿದರಾಯಿತೆಂದು ಹುತ್ತದ ಪಕ್ಕಕ್ಕೆ, ಅಣ್ಣನ ಹೊಲದೊಳಗೆ ಕಲ್ಲು ನಿಲ್ಲಿಸಿ ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಹೆಂಗಸರು ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದಾರೆ! ಹುತ್ತದ ಪಕ್ಕ ತಾನಾಗಿ ಬಂದು ನಿಂತ ನಾಗಪ್ಪನಂತೆ. ಕೀಳುತ್ತೇನೆಂದರೆ ನನ್ನ ಕೈ ಮುರಿಯಲು ಊರೇ ತಯಾರು. ಕೊನೆಗೆ ಅಣ್ಣನೇ, "ಬಿಡ್ರಿ ಸಾಬ್, ನನ್ನ ಹೊಲಕ್ಕ ದೇವರು ಬಂದಾನ, ಸ್ವಲ್ಪ ಜಾಗ ಹೋದ್ರ ಹೋಗ್ಲಿ" ಎಂದ. ನನ್ನ ತಪ್ಪಿಗೆ ಇಂದಿಗೂ ನಾಗರಪಂಚಮಿಗೆ ಹಾಲೆರೆಯುತ್ತಾರಂತೆ.

ಇನ್ನೊಂದು ತಪ್ಪು ಇಷ್ಟು ತಮಾಷೆಯದ್ದಲ್ಲ, ಅದು ನನ್ನೊಬ್ಬನದೂ ಅಲ್ಲ. ಒಂದು ಕುಟುಂಬ ಇಷ್ಟಕ್ಕಿಂತ ಹೆಚ್ಚು ಜಮೀನು ಇಟ್ಟುಕೊಳ್ಳಬಾರದು ಎಂಬ ಕಾನೂನು ಬಂದು, ದೊಡ್ಡವರಿಂದ ಬಿಡಿಸಿದ ಹೆಚ್ಚುವರಿ ಭೂಮಿಯನ್ನು ಇಲ್ಲದವರಿಗೆ ಹಂಚುವ ಕೆಲಸ ನಮ್ಮ ಪಾಲಿಗೆ ಬಂತು. ಒಂದೂರಲ್ಲಿ ನಾವು ಅಂಥ ಭೂಮಿಯನ್ನು ಚದುರಂಗದ ಹಾಸಿನಂತೆ ಚೌಕಚೌಕವಾಗಿ ಕತ್ತರಿಸಿದೆವು. ಶಾಮಿಯಾನ ಹಾಕಿ, ಹಾರ ತುರಾಯಿ, ಭಾಷಣಗಳ ನಡುವೆ ಪಟ್ಟಾ ಹಂಚಿದ್ದಾಯಿತು. ಮುಂದಿನ ವರ್ಷ ಅದೇ ದಾರಿಯಲ್ಲಿ ಹೋಗುವಾಗ ನೋಡಿದರೆ ಒಂದೇ ಒಂದು ಚೌಕದಲ್ಲೂ ಬೆಳೆ ಇಲ್ಲ. ಸುತ್ತ ಬೇರೆಯವರ ಹೊಲ. ನಡುವೆ ಈ ಚೌಕಗಳು. ಬಂಡಿ ಹೋಗಲು ದಾರಿಯೇ ಇಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅಲ್ಲಿ ಪೂಜಾರಿಗಳು ನಾವೇ.

ಹೊಸದಾಗಿ ನಮ್ಮ ಭೂಸುಧಾರಣೆ ಕಚೇರಿಗೆ ಅಧಿಕಾರಿಯಾಗಿ ಬಂದ ರುಕ್ಮಿಣಿ ಮೇಡಂ ಮುಂದೆ ಈ ಸಂಗತಿ ಹೇಳಿದಾಗ ಅವರು ನನ್ನನ್ನು ಬೈಯಲಿಲ್ಲ. ರಾಯಚೂರಿನವರು, ಹೈದರಾಬಾದಿನಲ್ಲೇ ಓದಿದವರು. ಸಣ್ಣ ಆಳು, ದೊಡ್ಡ ದನಿ, ಸೆರಗಿನ ತುದಿಯಲ್ಲಿ ಸದಾ ಕಟ್ಟಿಕೊಂಡ ಲವಂಗ. ಒಂದು ಲವಂಗ ಬಾಯಿಗೆ ಹಾಕಿಕೊಂಡು ಅವರು ಹೇಳಿದ್ದು ಇಷ್ಟು:

"ಶರಣಪ್ಪ, ಇನ್ನ ಮುಂದ ಮೊದಲ ದಾರಿ, ಆಮ್ಯಾಲ ನೀರು, ಆಮ್ಯಾಲ ಹೊಲ. ದಾರಿ ಇಲ್ಲದ ಹೊಲ ಕೊಟ್ರ ನಾವು ಜಮೀನು ಹಂಚಿದಂಗಲ್ಲ, ಜಗಳ ಹಂಚಿದಂಗ."

ಅವರ ಕೆಲಸದ ಕ್ರಮವೇ ಬೇರೆ. ಊರಿಗೆ ಹೋದ ದಿನ ನಕ್ಷೆ ಬಿಚ್ಚಲು ಬಿಡುತ್ತಿರಲಿಲ್ಲ. ಭೂಮಿ ಕಳೆದುಕೊಳ್ಳುವವರು, ಪಡೆಯುವವರು ಇಬ್ಬರನ್ನೂ ಕರೆದುಕೊಂಡು ಗಡಿಯ ಸುತ್ತ ಕಾಲ್ನಡಿಗೆಯಲ್ಲಿ ಹೋಗಬೇಕು. ಗಂಡಸರ ಜೊತೆ ಆ ಮನೆಗಳ ಹೆಂಗಸರೂ ಬರಬೇಕು. "ಗಂಡಸರು ಎಕರೆ ಲೆಕ್ಕ ಹೇಳ್ತಾರ. ಹೆಂಗಸರು ನೀರು ಎಲ್ಲಿಂದ ತರಬೇಕು ಅಂತ ಹೇಳ್ತಾರ" ಎನ್ನುತ್ತಿದ್ದರು. ನಕ್ಷೆ ಬಿಚ್ಚುತ್ತಿದ್ದುದು ನಡಿಗೆ ಮುಗಿದು ಎಲ್ಲರೂ ನೀರು ಕುಡಿದ ಮೇಲೆ. ಹುಣಸೆಮರದ ಸಾಹೇಬರ ಕೈಯಲ್ಲಿ ಪಳಗಿದ್ದ ನನಗೆ ಮೊದಮೊದಲು ಇದು ಹುಚ್ಚಾಟವಾಗಿ ಕಂಡಿತು. ಕಾಲು ನೋವಿಗೆ ಒಳಗೊಳಗೇ ಶಪಿಸಿದ್ದೂ ಉಂಟು.

ಇನ್ನು ಆ ಊರಿನ ಕತೆಗೆ ಬರುತ್ತೇನೆ. ಹೆಸರು ಹೇಳುವುದಿಲ್ಲ, ಅಲ್ಲಿಯವರು ಈಗ ನೆಮ್ಮದಿಯಾಗಿದ್ದಾರೆ. ಕರ್ನಾಟಕದ ಗಡಿಗೆ ಹತ್ತಿದ ಊರು. ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವ ಜನ. ಊರ ನಡುವೆ ದೊರೆಯ ಗಡಿ, ಅಂದರೆ ಆ ಕಡೆಯ ಮಾತಿನಲ್ಲಿ ಎತ್ತರದ ಗೋಡೆಯ ದೊಡ್ಡ ಮನೆ. ಊರಿನ ಜಮೀನ್ದಾರ ಗೋಪಾಲರಾವ್ ದೊರೆ ಅಲ್ಲಿಯ ಯಜಮಾನರು. ಅವರ ಮನೆಯ ಮುಂದೆ ಹಾಯುವಾಗ ಕೂಲಿ ಜನ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಳ್ಳಬೇಕೆಂಬುದು ಹಳೆಯ ಕಟ್ಟಳೆ. ನಾನು ನೋಡುವ ಹೊತ್ತಿಗೂ ಮುದುಕರು ಕೆಲವರು ಬಿಡುತ್ತಿದ್ದರು.

ದೊರೆಯ ಹೆಚ್ಚುವರಿ ಭೂಮಿಗೆ ಪಟ್ಟಾ ಕೊಟ್ಟು ವರ್ಷಗಳೇ ಆಗಿದ್ದವು. ಕಾಗದ ಬಡವರ ಕೈಯಲ್ಲಿ, ಭೂಮಿ ದೊರೆಯ ಕೈಯಲ್ಲಿ, ವ್ಯಾಜ್ಯ ಕೋರ್ಟಿನಲ್ಲಿ. ಪ್ರತಿ ಮುಂಗಾರಿಗೂ ಪಟ್ಟಾದವರು ಬಿತ್ತಲು ಹೋಗುವುದು, ದೊರೆಯ ಆಳುಗಳು ದನ ನುಗ್ಗಿಸುವುದು, ಬಡಿದಾಟ, ಪೊಲೀಸು. ಅಂಥ ಒಂದು ಬಡಿದಾಟದಲ್ಲಿ ತಲೆಗೆ ಪೆಟ್ಟು ಬಿದ್ದು ಪಟ್ಟಾದವರಲ್ಲೊಬ್ಬಳಾದ ಹಣಮವ್ವ ಎಂಬವಳ ಗಂಡ ಹಾಸಿಗೆ ಹಿಡಿದು ಸತ್ತಿದ್ದ. ಸಾಕ್ಷಿ ಹೇಳುವವರಿಲ್ಲದೆ ಕೇಸು ಬಿದ್ದುಹೋಗಿತ್ತು. ಊರಿನ ಕೆಲವು ಹುಡುಗರು ಬಂದೂಕು ಹಿಡಿದ ನಕ್ಸಲ್ 'ಅಣ್ಣ'ಗಳ ಜೊತೆ ಕಾಡು ಸೇರಿದ್ದರು. ಅವರಲ್ಲಿ ಒಬ್ಬನ ಹೆಣವಷ್ಟೇ ತಿರುಗಿ ಬಂದಿತ್ತು.

ಕೊನೆಗೆ ಕೋರ್ಟು ಬಡವರ ಪರವಾಗಿ ತೀರ್ಪು ಕೊಟ್ಟು, ಭೂಮಿ ಅಳೆದು ಅವರ ಕೈಗೊಪ್ಪಿಸಲು ನಾವು ಹೋದೆವು. ಮೇಡಂ ಮೊದಲು ಹೋಗಿದ್ದು ಹಣಮವ್ವನ ಗುಡಿಸಲಿಗೆ. ಎತ್ತರದ ಹೆಂಗಸು, ಮಾತು ಕಡಿಮೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಅವಳ ಮಗ ಮಾರೆಪ್ಪ, ಮೀಸೆ ಚಿಗುರಿದ ವಯಸ್ಸು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

"ಏನವ್ವ, ಈ ಸಲ ಬಿತ್ತೂಣೇನು?" ಎಂದರು ಮೇಡಂ.

ಹಣಮವ್ವ ರೊಟ್ಟಿ ಮಗುಚಿ ಹಾಕಿ, ಹೊರಗಿದ್ದ ಮಗನಿಗೆ ಕೇಳದಂತೆ ದನಿ ತಗ್ಗಿಸಿದಳು. "ಅವ್ವಾರ, ಹೊಲ ಸಿಗಲಿ ಬಿಡಲಿ, ನಾ ಕೂಲಿ ಮಾಡಿ ತಿಂದೇನು. ಗಂಡ ಹೋದ, ಇಂವ ಒಬ್ಬ ಉಳದಾನ. ಈ ಮುಂಗಾರಿನ್ಯಾಗ ಬಿತ್ತಾಕ ಆಗಲಿಲ್ಲಂದ್ರ ಇಂವ ಕಾಡಿಗೆ ಹೊಂಟು ನಿಂತಾನ. ನನ್ನ ಕೈಲೆ ಹಿಡಿಯಾಕ ಆಗಂಗಿಲ್ಲ."

ಮೇಡಂ ಏನೂ ಭರವಸೆ ಕೊಡಲಿಲ್ಲ. "ನಾಳೆ ಮುಂಜಾನೆ ನಡಿಗಿಗೆ ಇಬ್ಬರೂ ಬರ್ರಿ" ಎಂದಷ್ಟೇ ಹೇಳಿ ಎದ್ದರು. ಹೊರಗೆ ಬಂದ ಮೇಲೆ ಬಂದೋಬಸ್ತಿಗೆ ಬಂದಿದ್ದ ಪೊಲೀಸರನ್ನು ಕರೆದು, ಪಕ್ಕದೂರಿನ ಶಾಲೆಯಲ್ಲಿ ಹೋಗಿ ಕೂರಲು ಹೇಳಿದರು. ನಾನು ಅವರ ಹಿಂದೆಯೇ ಓಡಿದೆ.

"ಮೇಡಂ, ನಾಳೆ ಏನಾರ ಆದ್ರ?"

"ಪೊಲೀಸರ ನೆರಳಿನ್ಯಾಗ ನಟ್ಟ ಕಲ್ಲು ಪೊಲೀಸರು ಹೋದ ದಿನ ಬೀಳ್ತೈತಿ ಶರಣಪ್ಪ. ನಾವೇನು ಇಲ್ಲೇ ಮನಿ ಮಾಡ್ತೀವೇನು? ಇವರು ಅವರ ಮಗ್ಗಲಿಗೇ ಬಾಳೇವು ಮಾಡಬೇಕು."

ಆಮೇಲೆ ದೊರೆಯ ಮನೆಗೂ ಹೋಗಿ ಕರೆದು ಬಂದರು. ಚಪ್ಪಲಿ ಮೆಟ್ಟಿಕೊಂಡೇ ಅವರ ಅಂಗಳ ದಾಟಿದ್ದನ್ನು ಊರು ಬಾಗಿಲ ಸಂದಿಯಿಂದ ನೋಡಿತು.

ಮರುದಿನ ಬೆಳಿಗ್ಗೆ ನಡಿಗೆ ಹೊರಟಿತು. ಒಂದು ಕಡೆ ಕೋಲೂರಿಕೊಂಡ ದೊರೆ, ಹೈದರಾಬಾದಿನಲ್ಲಿ ಓದುತ್ತಿದ್ದ ಅವರ ಮಗ ಪ್ರತಾಪ, ಮನೆಯ ಆಳುಗಳು. ಇನ್ನೊಂದು ಕಡೆ ಹಣಮವ್ವ, ಮಾರೆಪ್ಪ, ಪಟ್ಟಾದ ಜನ. ನಡುವೆ ಮೇಡಂ. ಹಿಂದೆ ಸರಪಳಿ ಹೊತ್ತ ನಾನು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಣಮವ್ವನ ಪಾಲಿಗೆ ಬಂದ ಹೊಲದ ಅಂಚಿಗೆ ಬಂದಾಗ ಒಂದು ಬೇವಿನಮರ ಸಿಕ್ಕಿತು. ಅದರ ಬುಡದಲ್ಲಿ ಗಾರೆಯ ಕಟ್ಟೆ. ದೊರೆ ನಿಂತರು. ಚಪ್ಪಲಿ ಬಿಟ್ಟರು. ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಕೈ ಮುಗಿದರು. ಅದು ಅವರ ತಾಯಿಯ ಸಮಾಧಿ.

ಪ್ರತಾಪ ಹಣಮವ್ವನ ಕಾಲು ನೋಡಿ ಗದರಿದ: "ಏಯ್, ಅಜ್ಜಿ ಸಮಾಧಿ ಕಾಣಸಂಗಿಲ್ಲೇನು? ಚಪ್ಪಲಿ ಬಿಡು!"

ಹಣಮವ್ವ ಸಮಾಧಿಯ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದಳು. ಆಮೇಲೆ ಆ ಹುಡುಗನನ್ನು ನೋಡಿ ಹೇಳಿದಳು: "ನಿಮ್ಮಜ್ಜಿಗೆ ಕೈ ಮುಗೀತೀನಿ, ಹಿರೇರು. ಚಪ್ಪಲಿ ಮಾತ್ರ ಬಿಡಂಗಿಲ್ಲ. ನಿಮ್ಮ ಮನಿ ಮುಂದ ಬಿಟ್ಟಿದ್ದೆ. ಇದು ನನ್ನ ಹೊಲ."

ಆಳುಗಳು ಒಂದು ಹೆಜ್ಜೆ ಮುಂದೆ ಬಂದರು. ಮಾರೆಪ್ಪ ಬಗ್ಗಿ ಕಲ್ಲು ಎತ್ತಿಕೊಂಡ. ನನ್ನ ಭುಜದ ಮೇಲಿನ ಸರಪಳಿ ಗಲಗಲ ಅನ್ನುತ್ತಿದ್ದುದು ನನಗೇ ಕೇಳಿಸಿತು. ಪೊಲೀಸರು ಪಕ್ಕದೂರಿನ ಶಾಲೆಯಲ್ಲಿ ಚಹಾ ಕುಡಿಯುತ್ತಿದ್ದರು.

ಮೇಡಂ ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಬಾಯಿಗೆ ಹಾಕಿಕೊಂಡರು. ಮಾರೆಪ್ಪನನ್ನಾಗಲಿ ಪ್ರತಾಪನನ್ನಾಗಲಿ ನೋಡದೆ ಮುದುಕರನ್ನು ಕೇಳಿದರು: "ದೊರೆ, ಅವ್ವನ ದರ್ಶನಕ್ಕ ಯಾವಾಗ ಯಾವಾಗ ಬರ್ತೀರಿ?"

"ತಿಥಿಗೆ ಬರ್ತೀವಿ. ದೀಪಾವಳಿಗೆ ಮನಿ ಹೆಣ್ಣಮಕ್ಕಳು ದೀಪ ಹಚ್ಚತಾರ."

"ಇನ್ನ ಮ್ಯಾಲ ಯಾವ ದಾರೀಲೆ ಬರ್ತೀರಿ?"

ದೊರೆ ಕಟ್ಟೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿದರು. ಸಮಾಧಿಯ ನಾಲ್ಕೂ ಕಡೆಯ ಭೂಮಿ ಈಗ ಬೇರೆಯವರದು. ಇಷ್ಟು ವರ್ಷ ಅವರು ಕೋರ್ಟಿಗೆ ಅಲೆದದ್ದು ಯಾತಕ್ಕೆ ಎಂಬುದು ನನಗೆ ಆ ಕ್ಷಣದಲ್ಲಿ ಅರ್ಥವಾಯಿತು. ಸೊಕ್ಕು ಇರಲಿಲ್ಲವೆಂದಲ್ಲ, ಇತ್ತು. ಆದರೆ ಅದರ ಬುಡದಲ್ಲಿ ಈ ಕಟ್ಟೆಯೂ ಇತ್ತು. ಬಾಯಿಬಿಟ್ಟು ಒಂದು ದಾರಿ ಕೊಡಿ ಎಂದು ಕೂಲಿಯವರ ಮುಂದೆ ಕೇಳುವುದಕ್ಕಿಂತ ಭೂಮಿಯನ್ನೇ ಬಿಡದಿರುವುದು ಆ ಮನುಷ್ಯನಿಗೆ ಸುಲಭವಾಗಿತ್ತು.

ಮುದುಕರು ಕೋಲನ್ನು ಮತ್ತೆ ನೆಲಕ್ಕೂರಿದರು. ಹಣಮವ್ವನ ಕಡೆ ತಿರುಗದೆ, ಬೇವಿನಮರಕ್ಕೆ ಹೇಳುವಂತೆ, "ದೀಪ ಹಚ್ಚಾಕ ದಾರಿ ಬೇಕು" ಎಂದರು.

"ನಾ ಎಂದರ ಬ್ಯಾಡ ಅಂದೀನೇನು?" ಎಂದಳು ಹಣಮವ್ವ. "ಆದರ ನನ್ನ ಬಂಡಿ ಈ ಹೊಲಕ್ಕ ಯಾವ ದಾರೀಲೆ ಬರಬೇಕು, ಅದನ್ನ ಹೇಳ್ರಿ. ಊರಿಂದ ಇಲ್ಲಿಗೆ ಬರೋತನಕ ನಿಮ್ಮ ಉಳದ ಹೊಲಾನೇ ಐತಿ."

ಮೇಡಂ ನನ್ನ ಕಡೆ ತಿರುಗಿದರು. "ಶರಣಪ್ಪ, ಈಗ ನಕ್ಷೆ ಬಿಚ್ಚು."

ನನ್ನ ಇಡೀ ಸೇವೆಯಲ್ಲಿ ಅಷ್ಟು ಖುಷಿಯಿಂದ ನಾನು ನಕ್ಷೆ ಬಿಚ್ಚಿದ್ದಿಲ್ಲ. ಊರಿನಿಂದ ದೊರೆಯ ಉಳಿದ ಹೊಲದ ಅಂಚಿನಲ್ಲಿ ಹಾದು, ಎಲ್ಲ ಪಟ್ಟಾಗಳಿಗೂ ತಾಗಿ, ಬೇವಿನಮರದವರೆಗೆ ಒಂದೇ ದಾರಿ. ಅರ್ಧ ದಾರಿ ದೊರೆ ಬಿಡಬೇಕು, ಅರ್ಧ ದಾರಿ ಇವರು ಬಿಡಬೇಕು. ಬಂಡಿಯೂ ಅದರಲ್ಲೇ, ದೀಪವೂ ಅದರಲ್ಲೇ. ಮಾರೆಪ್ಪನ ಕೈಯಲ್ಲಿ ಆ ಕಲ್ಲು ಇನ್ನೂ ಇತ್ತು. ಮೇಡಂ ಅವನಿಗೆ, "ಅದನ್ನ ಚೆಲ್ಲಬ್ಯಾಡಪಾ, ದಾರಿ ಗುರ್ತಿಗೆ ಬೇಕಾಗ್ತೈತಿ, ಇಲ್ಲೇ ಇಡು" ಎಂದರು. ಅವನು ಮೇಡಂ ಮುಖ ನೋಡಿದ, ತಾಯಿಯ ಮುಖ ನೋಡಿದ, ಆಮೇಲೆ ತೋರಿಸಿದ ಜಾಗದಲ್ಲಿ ಇಟ್ಟ.

ಬಾಂದುಕಲ್ಲು ನೆಡುವ ಮೊದಲು ಕುಣಿಯಲ್ಲಿ ಇದ್ದಿಲು ಹಾಕುವುದು ನಮ್ಮ ಕಸುಬಿನ ಹಳೆಯ ಪದ್ಧತಿ. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಮೇಲಿನ ಕಲ್ಲನ್ನು ಕಿತ್ತು ಬೇರೆ ಕಡೆ ನೆಟ್ಟರೂ ಕೆಳಗಿನ ಇದ್ದಿಲು ಇದ್ದಲ್ಲೇ ಇದ್ದು ನಿಜ ಹೇಳುತ್ತದೆ. ನಾನು ಚೀಲದಲ್ಲಿ ಇದ್ದಿಲು ತಂದಿದ್ದೆ. ಮೇಡಂ ಬೇಡವೆಂದರು. ದೊರೆಯ ಮನೆಯ ಒಲೆಯಿಂದ ಒಂದು ಬುಟ್ಟಿ, ಹಣಮವ್ವನ ಒಲೆಯಿಂದ ಒಂದು ಬುಟ್ಟಿ ತರಿಸಿದರು. "ಎರಡೂ ಕೂಡಿಸಿ ಹಾಕ್ರಿ. ಆಮ್ಯಾಲ ಯಾವುದು ಯಾರ ಮನಿದು ಅಂತ ಆರಿಸ್ರಿ ನೋಡೂಣು."

ದೊರೆಯ ಹೊಲವೂ ಹಣಮವ್ವನ ಹೊಲವೂ ಕೂಡುವಲ್ಲಿ ಕಲ್ಲು ನಿಲ್ಲಿಸಲು ಎರಡೂ ಮನೆಯ ಹಿರಿಯರ ಕೈ ಬೇಕೆಂಬುದು ಮೇಡಂ ಹಟ. ದೊರೆ ಹುಟ್ಟಿದಂದಿನಿಂದ ಹಾರೆ ಮುಟ್ಟಿದವರಲ್ಲ. ಎರಡು ಏಟು ಹಾಕುವಷ್ಟರಲ್ಲಿ ಕೈ ಜಾರಿತು. "ಹಂಗಲ್ರಿ ದೊರೆ, ಕೈ ಅಗಲ ಹಿಡೀರಿ, ಇಲ್ಲಾಂದ್ರ ಕಾಲ ಮ್ಯಾಲ ಬೀಳ್ತೈತಿ" ಎಂದು ಹಣಮವ್ವ ತೋರಿಸಿಕೊಟ್ಟಳು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಆಶ್ಚರ್ಯವೆಂದರೆ ದೊರೆಯೂ ಮೀಸೆಯೊಳಗೆ ನಕ್ಕರು. ಪ್ರತಾಪ ಮಾತ್ರ ಅಷ್ಟು ಹೊತ್ತಿಗೆ ಮನೆಗೆ ಹೊರಟುಹೋಗಿದ್ದ.

ಗಂಡನ ಸಾವನ್ನು ಹಣಮವ್ವ ಮರೆತಳೆಂದು ಯಾರೂ ತಿಳಿಯಬೇಡಿ. ಅವಳು ಮರೆಯಲಿಲ್ಲ, ಯಾರೂ ಮರೆಯೆಂದು ಹೇಳಲೂ ಇಲ್ಲ. ಸಂಜೆ ನಾವು ಹೊರಡುವಾಗ ಮೇಡಂ ಕೈ ಹಿಡಿದು ಅತ್ತಳು. "ಅಂವ ಇರಬೇಕಿತ್ರಿ" ಎಂದಳು, ಅಷ್ಟೇ.

ಆ ಮುಂಗಾರಿನಲ್ಲಿ ಮಾರೆಪ್ಪ ತೊಗರಿ ಬಿತ್ತಿದ. ಕಾಡಿನ ದಾರಿ ಅವನಿಗೆ ಮತ್ತೆ ನೆನಪಾಗಲಿಲ್ಲ. ಬಂಡಿ ದಾರಿಗೆ ಮರುವರ್ಷ ಮೊರಂ, ಅಂದರೆ ಕೆಂಪು ಜಲ್ಲಿಮಣ್ಣು ಬಿತ್ತು. ದಾರಿ ಇದ್ದುದರಿಂದ ಕರೆಂಟು ಕಂಬ ಬಂತು, ಕಂಬ ಬಂದಿದ್ದರಿಂದ ಬೋರು ಬಂತು, ಆಮೇಲೆ ಹುಡುಗಿಯರು ಅದೇ ದಾರಿಯಲ್ಲಿ ಸೈಕಲ್ ಏರಿ ಹೈಸ್ಕೂಲಿಗೆ ಹೋದರು. ಶಾಂತಿ ಎಂದರೆ ಏನೆಂದು ದೊಡ್ಡದೊಡ್ಡ ಸಭೆಗಳಲ್ಲಿ ಮಾತಾಡುವುದನ್ನು ಕೇಳಿದ್ದೇನೆ. ನನಗೆ ತಿಳಿದಮಟ್ಟಿಗೆ ಒಬ್ಬನ ಬಂಡಿ ಇನ್ನೊಬ್ಬನ ಹೊಲದ ಅಂಚಿನಲ್ಲಿ ಹಾಯುವಾಗ ಯಾರೂ ಕೂಗಾಡದಿದ್ದರೆ ಅದೇ ಶಾಂತಿ.

ಮುಂದೆ ಸರಪಳಿ ಹೋಗಿ ಟೇಪು ಬಂತು, ಮುಕ್ಕಾಲಿ ಮೇಲಿನ ಯಂತ್ರ ಬಂತು, ಈಗ ಡ್ರೋನ್ ಹಾರುತ್ತದೆ. ನನ್ನ ಓರಗೆಯವರು ಕೆಲವರು ಇದನ್ನೆಲ್ಲ ಕಂಡರೆ ಮೂಗು ಮುರಿಯುತ್ತಾರೆ. ನಾನು ಆ ಗುಂಪಿನವನಲ್ಲ. ಅಂಗೈ ಬೊಬ್ಬೆಯ ಬಗ್ಗೆ ನನಗೆ ಯಾವ ಅಭಿಮಾನವೂ ಇಲ್ಲ. ಯಂತ್ರ ಬಂದ ಮೇಲೆ ಕೆಲಸ ಚೊಕ್ಕವಾಗಿದೆ. ನನಗಿರುವ ತಕರಾರು ಒಂದೇ, ಜೀಪಿನಿಂದ ಇಳಿಯದೆ ಅಳೆಯುವುದು ಕಲಿಯಬೇಡಿ. ಹುಣಸೆಮರದ ಸಾಹೇಬರು ಈಗ ಏಸಿ ಗಾಡಿಯಲ್ಲಿ ಕೂತಿರುತ್ತಾರೆ, ಹುಷಾರು.

ಕಳೆದ ಚಳಿಗಾಲದಲ್ಲಿ ಆ ಊರಿನಿಂದ ನನಗೆ ಫೋನ್ ಬಂತು. ಮಾರೆಪ್ಪ. ದನಿ ಥೇಟು ತಾಯಿಯದೇ. "ಸಾಬ್, ರಸ್ತಾ ಅಗಲ ಮಾಡೋ ಮಶಿನ್ನು ನಮ್ಮ ಕಲ್ಲು ಕಿತ್ತು ಒಗದೈತ್ರಿ. ಯಾರೋ ದಲಾಲಿಗಳು ಬಂದು ಸಣ್ಣ ದೊರೆಗೆ ಏನೇನೋ ಹೇಳ್ಯಾರ. ನನ್ನ ಹೊಲದ ಅಂಚು ಅವರದಾಗ್ತೈತಂತ. ನಮ್ಮ ಹುಡುಗರು ಸಿಟ್ಟಿಗೆದ್ದಾರ. ಒಮ್ಮೆ ಬರ್ರಿ."

ಸಣ್ಣ ದೊರೆ ಅಂದರೆ ಪ್ರತಾಪ. ಗೋಪಾಲರಾವ್ ತೀರಿಹೋಗಿ ಬಹಳ ವರ್ಷವಾಯಿತು. ಮಗ ಮಾದಾಪುರದಲ್ಲಿ ಕಟ್ಟಡ ಕಟ್ಟಿಸುವ ದೊಡ್ಡ ಕುಳ. ಹಣಮವ್ವನೂ ಹೋಗಿದ್ದಳು. ರುಕ್ಮಿಣಿ ಮೇಡಂ ಹೋಗಿ ಮೂರನೆಯ ವರ್ಷ. ಆ ಕಲ್ಲಿನ ವಿಷಯ ಬಲ್ಲವರಲ್ಲಿ ಎರಡೂ ಕಡೆಗೆ ಸೇರದವನು ನಾನೊಬ್ಬನೇ ಉಳಿದಿದ್ದೆ. ಹೊಸ ಅಳತೆಗೆ ಇಲಾಖೆಯಿಂದ ನೇಮಕವಾದವಳು ನಮ್ಮ ಸವಿತಾಳೇ ಎಂದು ತಿಳಿದು ಖುಷಿಯೂ ಆಯಿತು, ಭಯವೂ ಆಯಿತು. ಅವಳ ಮೊದಲ ಜಗಳದ ಹೊಲ ಅದು.

ಹೋದೆವು. ಸವಿತಾ ಯಂತ್ರವನ್ನು ಜೀಪಿನಿಂದ ಇಳಿಸಲಿಲ್ಲ. ಎರಡೂ ಕಡೆಯವರನ್ನು ಕರೆದು, "ಮೊದಲ ಒಂದ ಸುತ್ತು ನಡದ ಬರೂಣ್ರಿ" ಎಂದಳು. ನನ್ನ ಕಣ್ಣು ಒದ್ದೆಯಾದದ್ದನ್ನು ಕನ್ನಡಕ ಒರೆಸುವ ನೆವದಲ್ಲಿ ಮುಚ್ಚಿಕೊಂಡೆ. ತಲೆ ಬೋಳಾಗಿದ್ದ ಪ್ರತಾಪ ಬೂಟು ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಲೇ ಸುತ್ತು ಬಂದರು. ಮಾರೆಪ್ಪನ ಹಿಂದೆ ಅವನ ಮಕ್ಕಳು ಹಲ್ಲು ಕಚ್ಚಿಕೊಂಡು ನಡೆದರು.

ಸುತ್ತು ಮುಗಿದ ಮೇಲೆ ಸವಿತಾ ಉಳಿದ ಬಾಂದುಕಲ್ಲುಗಳ ಮೇಲೆ ಯಂತ್ರ ಹಿಡಿದು ಲೆಕ್ಕ ಹಾಕಿ, ರಸ್ತೆಯ ಅಂಚಿನಲ್ಲಿ ಒಂದು ಗೂಟ ಹೊಡೆದಳು. "ಇಲ್ಲಿ ಇರಬೇಕ್ರಿ."

"ಇರಬೇಕು ಅಂದ್ರ ಏನು? ಕಲ್ಲು ಎಲ್ಲೈತಿ?" ಎಂದರು ಪ್ರತಾಪ.

"ಅಗದು ನೋಡೂಣ್ರಿ" ಎಂದೆ ನಾನು.

ಮಾರೆಪ್ಪನೇ ಅಗೆದ. ಕೆಂಪು ಮೊರಂ ಬಂತು, ಕಪ್ಪು ಮಣ್ಣು ಬಂತು. ಅದರ ಕೆಳಗೆ ಸಲಿಕೆಯ ಬಾಯಿಗೆ ಕರ್ರಗೆ ಹೊಳೆಯುವ ಚೂರುಗಳು ಹತ್ತಿದವು. ಮಾರೆಪ್ಪ ಒಂದು ಹಿಡಿ ಎತ್ತಿ ಮಣ್ಣು ಊದಿ ತನ್ನ ಅಂಗೈಯಲ್ಲಿ ಹಿಡಿದ. ಮೇಡಂ ಇರಬೇಕಿತ್ತು ಅನ್ನಿಸಿತು.

"ಏನಿದು?" ಎಂದರು ಪ್ರತಾಪ. ಅಂದು ಇದ್ದಿಲು ಹಾಕುವ ಹೊತ್ತಿಗೆ ಅವರು ಮನೆಗೆ ಹೋಗಿಬಿಟ್ಟಿದ್ದರಲ್ಲ, ಅದಕ್ಕೆ ನಾನೇ ಹೇಳಿದೆ. ಅರ್ಧ ಅವರ ಮನೆಯ ಒಲೆಯದು, ಅರ್ಧ ಹಣಮವ್ವನ ಒಲೆಯದು. ಅವರ ತಂದೆ ಹಾರೆ ಹಿಡಿದದ್ದು, ಕೈ ಜಾರಿದ್ದು, ಹಣಮವ್ವ ಹಿಡಿಯುವುದು ತೋರಿಸಿದ್ದು, ಅವರು ನಕ್ಕದ್ದು.

"ಅಪ್ಪಾಜಿ ನಕ್ರೇನು?" ಎಂದು ಕೇಳಿದರು ಪ್ರತಾಪ. ಮಾರೆಪ್ಪನ ಅಂಗೈಯಿಂದ ಒಂದು ಚೂರು ತೆಗೆದುಕೊಂಡು ಬೆರಳಲ್ಲಿ ತಿರುಗಿಸಿ ನೋಡಿದರು. ಇದ್ದಿಲು ಬೆರಳಿಗೆ ಹತ್ತಿತು. ಜೊತೆಗೆ ಬಂದಿದ್ದ ದಲಾಲಿ ಏನೋ ಹೇಳಲು ಬಾಯಿ ತೆರೆದಾಗ ಅವನಿಗೆ ಗಾಡಿಯಲ್ಲಿ ಹೋಗಿ ಕೂರಲು ಹೇಳಿದರು. ಸವಿತಾ ಪಂಚನಾಮೆ ಬರೆದಳು, ಇಬ್ಬರೂ ಸಹಿ ಹಾಕಿದರು. ಅದೇ ಕುಣಿಯಲ್ಲಿ, ಅದೇ ಇದ್ದಿಲ ಮೇಲೆ ಹೊಸ ಕಲ್ಲು ನಿಂತಿತು.

ಎಲ್ಲ ಮುಗಿದ ಮೇಲೆ ಪ್ರತಾಪ ಬೇವಿನಮರದ ಕಡೆ ನೋಡಿ, "ಬಂದೀನಿ, ಅಜ್ಜಿಗೆ ಒಂದು ದೀಪ ಹಚ್ಚಿ ಹೋಗ್ತೀನಿ" ಎಂದರು. ದಾರಿ ಅಲ್ಲಿಗೆ ಹೋಗುವ ಮೊದಲು ಹಣಮವ್ವನ ಗೋರಿಯನ್ನು ಹಾದು ಹೋಗುತ್ತದೆ. ತನ್ನ ಹೊಲದ ಮೂಲೆಯಲ್ಲೇ ತನ್ನನ್ನು ಇಡಬೇಕೆಂದು ಅವಳು ಹೇಳಿ ಸತ್ತಿದ್ದಳು. ಗೋರಿಯ ಹತ್ತಿರ ಬಂದಾಗ ಪ್ರತಾಪ ನಿಂತರು. ಬಗ್ಗಿ ಬೂಟಿನ ಲೇಸು ಬಿಚ್ಚಲು ಶುರುಮಾಡಿದರು.

ಮಾರೆಪ್ಪ ಗಾಬರಿಯಿಂದ ಹೇಳಿದ: "ಹಾಕ್ಕೊಂಡ ಬರ್ರಿ ಸಾಬ್. ಜಾಲಿಮುಳ್ಳು ಭಾಳ ಅದಾವು."

"ಇರ್ಲಿ ಬಿಡಪಾ ಮಾರೆಪ್ಪ" ಎಂದು ಅವರು ಬೂಟುಗಳನ್ನು ಗೋರಿಯ ಇತ್ತ ಕಡೆ ಬಿಟ್ಟು, ಹಣಮವ್ವನಿಗೆ ಕೈ ಮುಗಿದು, ಬರಿಗಾಲಲ್ಲಿ ದಾರಿಗಿಳಿದರು. ಮಾರೆಪ್ಪ ತನ್ನ ಚಪ್ಪಲಿಗಾಲಿನಿಂದ ಮುಳ್ಳು ಸರಿಸುತ್ತಾ ಅವರ ಮುಂದೆ ಮುಂದೆ ನಡೆದ.